ಮುದುಕಪ್ಪ ಸಾವುಕಾರರ ಮಾರುತಿ

ಎಂಬತ್ತಾರನೇ ಇಸವಿಯಲ್ಲಿ ಬಿಳಿ ಮಾರುತಿ ಕಾರು ಬಂದ ಮೇಲೆ ರಾಯಚೂರಿನ ಅಕ್ಕಿ ಗಿರಣಿಯ ಮುದುಕಪ್ಪ ಸಾವುಕಾರರ ಕಾಲು ನೆಲಕ್ಕೆ ತಾಗುತ್ತಿಲ್ಲ. ಎರಡು ವರ್ಷವಾದರೂ ಸೀಟಿನ ಪ್ಲಾಸ್ಟಿಕ್ ತೆಗೆಸಿಲ್ಲ. ಮಾನ್ವಿ ದಾರಿಯ ಬಿಸಿಲಿಗೆ ಅದು ಬೆನ್ನಿಗಂಟಿದರೂ ಅದೇ ಗತ್ತಂತೆ! ಡ್ರೈವರ್ ಪಕ್ಕ ಕೂರುವುದು ಅವಮಾನವೆಂದು ಆ ದೊಡ್ಡ ದೇಹವನ್ನು ಹಿಂದಿನ ಸೀಟಿಗೆ ತುರುಕಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ದೇವದುರ್ಗದ ತನಕ ಹೋಗುತ್ತಾರೆ. ಹತ್ತುವವರು ಬೀಗರೇ ಆಗಿರಲಿ, "ಚಪ್ಪಲಿ ಬಿಟ್ಟು ಹತ್ರಿ, ಒಳಗ ಲಕ್ಷ್ಮಿ ಅದಾಳ" ಎನ್ನುತ್ತಾರೆ; ತಾವೂ ಬಿಡುತ್ತಾರೆ. ಬಿಡದವನು ಡ್ರೈವರ್ ತಾಯಣ್ಣ ಒಬ್ಬನೇ. "ಬರಿಗಾಲಾಗ ಬ್ರೇಕ್ ಹಿಡಿಯಂಗಿಲ್ರೀ ಸಾವುಕಾರ್ರ" ಎಂದು ಮೊದಲ ದಿನವೇ ಹೇಳಿದ್ದ. ಅವನ ಅಪ್ಪ ಬದುಕಿರುವ ತನಕ ಸಾವುಕಾರರ ಮನೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದವನು. ಮಗ ಈಗ ಅದೇ ಮನೆಯ ಮುಂದೆ ಬೂಟುಗಾಲಲ್ಲಿ, ಬರಿಗಾಲಿನ ಸಾವುಕಾರರನ್ನು ಹಿಂದೆ ಕೂರಿಸಿಕೊಂಡು ಹಾರ್ನ್ ಹೊಡೆಯುತ್ತಾನೆ.