ಜೀಪಿನಿಂದ ಇಳಿದ ಗುಲಾಬಬಿ

ವಿದ್ಯಾಗಿರಿಯ ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಗುಲಾಬಬಿ ಒಂದು ಕಾಲದಲ್ಲಿ ರಾಜ್ಯಮಟ್ಟದ ಸೈಕಲ್ ಸ್ಪರ್ಧೆಯಲ್ಲಿ ಮೂರು ಸಲ ಮೊದಲು ಬಂದವಳು. ಅವಳ ಕೈಯ ರೊಟ್ಟಿ ತಿನ್ನುವ ಹುಡುಗಿಯರೇ ಇದನ್ನು ನಂಬುತ್ತಿರಲಿಲ್ಲ. ಅವಳೂ ನಂಬಿಸಲು ಹೋದವಳಲ್ಲ.

ಹೀಗಿರುವಾಗ ಸೈಕಲ್ ಸಂಘವೊಂದರ ಕಾರ್ಯದರ್ಶಿ ಕಲ್ಲೇಶನ ಫೋನು ಬಂತು. ಹಳೆಯ ಕ್ರೀಡಾ ಸಾಧಕರನ್ನು ಸನ್ಮಾನಿಸುತ್ತ ಊರೂರು ಸುತ್ತುವ ಹದಿನೈದು ದಿನಗಳ ಸೈಕಲ್ ಜಾಥಾ ಏರ್ಪಡಿಸಿದ್ದ. "ಬನಶಂಕರಿಯಿಂದ ಇಳಕಲ್ ತನಕ ಒಂದು ದಿನ ನಮ್ಮ ಜೋಡಿ ಬರಬೇಕ್ರಿ ಅಕ್ಕಾರ" ಎಂದ.

ಗುಲಾಬಬಿ ಒಂದು ತಿಂಗಳು ನಸುಕಿನಲ್ಲೆದ್ದು ಸೈಕಲ್ ತುಳಿದಳು. ನಲವತ್ತಾರರ ಮೊಣಕಾಲು ಮೊದಲು ಗೊಣಗಿ ಆಮೇಲೆ ಸುಮ್ಮನಾಯಿತು. ಆ ದಿನ ಸೈಕಲ್ಲನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಬೆಳಿಗ್ಗೆ ಆರಕ್ಕೆ ಬನಶಂಕರಿಯಲ್ಲಿ ಇಳಿದರೆ, ಕಲ್ಲೇಶ ಹೂವು ಕಟ್ಟಿದ ತೆರೆದ ಜೀಪು ತೋರಿಸಿದ.

"ನಾ ತುಳೀತೇನಿ ಅಂತ ಬಂದೇನ್ರಿ."

"ನೀವು ಯಾಕ ತುಳೀಬೇಕ್ರಿ ಅಕ್ಕಾರ? ನೀವು ಸಾಧಕರು! ತುಳಿಯೋರು ತುಳೀತಾರ, ನೀವು ಕುಂತು ಕೈ ಬೀಸ್ರಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವಳ ಸೈಕಲ್ಲು ಸಾಮಾನಿನ ಟ್ರಕ್ ಹತ್ತಿ ಇಳಕಲ್ ದಾರಿ ಹಿಡಿದಿತ್ತು.

ಬಾದಾಮಿಯಲ್ಲಿ ಒಂದು ಶಾಲು. ನಡುದಾರಿಯ ಊರುಗಳಲ್ಲಿ ಎರಡು. ಬಾಗಲಕೋಟೆಯಲ್ಲಿ ಶಾಲಿನ ಜೊತೆಗೆ ನಲವತ್ತು ನಿಮಿಷದ ಭಾಷಣ. ಹೆಣ್ಣುಮಕ್ಕಳು ಸೈಕಲ್ ತುಳಿಯಬೇಕು ಎಂದು ಭಾಷಣಕಾರ ಮೇಜು ಗುದ್ದುತ್ತಿದ್ದ. 'ಬಿಟ್ರ ತುಳೀತೀನಲ್ಲಪ್ಪಾ' ಎಂದು ಗುಲಾಬಬಿ ಹಲ್ಲು ಕಚ್ಚಿದಳು. ಕಮತಗಿಯಲ್ಲಿ ಇನ್ನೊಂದು ಶಾಲಿನ ಜೊತೆ ತಲೆಗೆ ಪೇಟವೂ ಬಂತು. ಪೇಟ ಕಣ್ಣಿನ ಮೇಲೆಯೇ ಜಾರುತ್ತಿತ್ತು. ತೆಗೆಯಲು ಹೋದರೆ ಕಲ್ಲೇಶ, "ಇರಲ್ರಿ, ಇನ್ನ ಫೋಟೋ ಅದಾವ" ಎಂದ. ನೆತ್ತಿ ಸುಡುವ ಬಿಸಿಲಲ್ಲಿ ಐದು ಶಾಲು ಹೊದ್ದು ಕುಳಿತವಳಿಗೆ, ಹಾಸ್ಟೆಲಿನ ಒಲೆಯ ಮುಂದೆಯೇ ತಂಪಿತ್ತು ಅನ್ನಿಸಿತು.

ಹುನಗುಂದ ತಲುಪಿದಾಗ ಸವಾರರಲ್ಲಿ ರೋಹಿಣಿ ಎಂಬ ಹುಡುಗಿ ಮೊಣಕಾಲು ಹಿಡಿದು ಕಟ್ಟೆಯ ಮೇಲೆ ಕುಕ್ಕರಿಸಿದಳು. ಗುಲಾಬಬಿ ಜೀಪಿನಿಂದ ಇಳಿದು ಹೋದಳು.

"ಎಷ್ಟು ದಿನಾ ಆತವ್ವ ನೋಯಾಕ ಹತ್ತಿ?"

"ಮೂರು ದಿನಾ ಆತ್ರಿ ಅಕ್ಕಾರ. ಕಲ್ಲೇಶಣ್ಣಾರು ಮುಲಾಮು ಕೊಟ್ಟಾರ್ರಿ."

ಗುಲಾಬಬಿ ಅವಳ ಸೈಕಲ್ಲಿನ ಸೀಟಿನ ಮೇಲೆ ಅಂಗೈ ಇಟ್ಟು ನೋಡಿದಳು. "ಸೀಟು ಎರಡು ಬೆರಳು ತಗ್ಗೈತಿ. ಕಾಲು ಪೂರಾ ಚಾಚಂಗಿಲ್ಲ, ಮಣಕಾಲು ನೋಯದ ಏನ್ ಮಾಡ್ತೈತಿ? ಇಷ್ಟು ಮಂದ್ಯಾಗ ಒಬ್ರೂ ನೋಡಿಲ್ಲೇನು?" ನಟ್ಟು ತಿರುಗಿಸುವ ಪಾನಾ ಕೇಳಿ ಇಸಿದುಕೊಂಡು ಸೀಟು ಎತ್ತರಿಸಿ ಬಿಗಿದಳು. ಆಮೇಲೆ ಐದೂ ಶಾಲುಗಳನ್ನು ರೋಹಿಣಿಯ ತೊಡೆಯ ಮೇಲಿಟ್ಟು, ಪೇಟವನ್ನು ಅವಳ ತಲೆಗೆ ಹಾಕಿದಳು. "ಇವತ್ತ ನೀ ಜೀಪಿನ್ಯಾಗ ಕುಂದ್ರು."

ಕಲ್ಲೇಶ ಓಡಿ ಬಂದ. "ಅಕ್ಕಾರ, ಇಳಕಲ್ಲಿನ್ಯಾಗ ಜನಾ ಜೀಪಿಗೆ ಹೂ ಹಾಕಾಕ ನಿಂತಾರ್ರಿ!"

"ಹಾಕ್ಲಿ ಬಿಡ್ರಿ. ಜೀಪು ಬರ್ತೈತಲ್ಲ."

ದುಪಟ್ಟಾ ನಡುವಿಗೆ ಬಿಗಿದು ರೋಹಿಣಿಯ ಸೈಕಲ್ ಹತ್ತಿಯೇಬಿಟ್ಟಳು. ಮೊದಲ ಮೂರು ಕಿಲೋಮೀಟರ್ ಗಾಳಿಯಾಗಿ ಹೋದಳು. ಆಮೇಲೆ ಎದುರು ಗಾಳಿ ಬೀಸಿತು. ಸವಾರರು ಒಬ್ಬೊಬ್ಬರಾಗಿ ಅವಳನ್ನು ದಾಟಿದರು, ಜೀಪೂ ದಾಟಿತು. ಏರು ರಸ್ತೆಯಲ್ಲಿ ಮೀನಖಂಡ ಹಿಡಿದುಕೊಂಡಿತು. ಇಳಿದು, ಬೇವಿನ ಮರದ ಕೆಳಗೆ ಕುಳಿತು ಕಾಲು ತಿಕ್ಕಿಕೊಳ್ಳುತ್ತ ಕಲ್ಲೇಶನನ್ನೂ ತನ್ನ ಕಾಲನ್ನೂ ಸೇರಿಸಿ ಬೈದಳು. ಸಿಟ್ಟು ಇಳಿದ ಮೇಲೆ ಮತ್ತೆ ಹತ್ತಿದಳು.

ಅವಳು ಇಳಕಲ್ಲಿಗೆ ಬಂದಾಗ ವೇದಿಕೆಯ ಮೇಲೆ ಖಾಲಿ ಕುರ್ಚಿಯ ಮುಂದೆ ನಿಂತು ಯಾರೋ ಅವಳ ಸಾಧನೆ ಓದುತ್ತಿದ್ದರು. ಕಲ್ಲೇಶ ಮೇಲಿನಿಂದಲೇ ಕೈ ಮಾಡಿ ಕರೆದ. ಗುಲಾಬಬಿ ಸೈಕಲ್ಲನ್ನು ಗೋಡೆಗೆ ಒರಗಿಸಿ, ನೆಲದ ಮೇಲೆ ಕುಳಿತು, ಕಾಲು ತೋರಿಸಿದಳು. ಕೊನೆಗೆ ಅವನೇ ಶಾಲು ಹಿಡಿದು ಇಳಿದು ಬಂದ.

"ಮೊದಲ ನೀರು ಕೊಡ್ರಿ, ಆಮ್ಯಾಲ ಹೊದಸ್ರಿ."

ನೀರು ತಂದುಕೊಟ್ಟವನು ಅವಳ ಬೆವೆತ ಮುಖ ನೋಡುತ್ತ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. "ಅಕ್ಕಾರ, ಎಷ್ಟು ನಿಮಿಷದಾಗ ಬಂದ್ರಿ?"

ಬೆಳಗಿನಿಂದ ಅವಳನ್ನು ಯಾರೂ ಸೈಕಲ್ಲಿನ ಬಗ್ಗೆ ಒಂದು ಮಾತು ಕೇಳಿರಲಿಲ್ಲ.

"ಗಡಿಯಾರ ನೋಡಿಲ್ರಿ" ಎಂದಳು ಗುಲಾಬಬಿ. "ಭಾಳ ಹೊತ್ತು ಹಿಡೀತು. ಆದ್ರ ಬಂದೆ."