ಖಾಲಾ ಮುಗಿಸದ ರೋಜಾ

ಹರಿಹರದ ಬಜಾರಿನಲ್ಲಿ ಬೆಲ್ಲ ಕೊಳ್ಳಲು ನಿಂತಿದ್ದೆ. ಅಂಗಡಿಯವರು ರುಚಿ ನೋಡಿ ಎಂದು ಒಂದು ಖರ್ಜೂರ ಕೈಗಿಟ್ಟರು. ಮೆತ್ತಗಿತ್ತು, ಬೆರಳಿಗೆ ಅಂಟಿಕೊಂಡಿತು. ಬಾಯಿಗೆ ಹಾಕಿಕೊಳ್ಳಲು ಮಾತ್ರ ಆಗಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು, ಖಾಲಾ ನೆನಪಾದರು...

ದಾವಣಗೆರೆಯಲ್ಲಿದ್ದಾಗ ಅವರು ನಮ್ಮ ಪಕ್ಕದ ಮನೆಯವರು. ಖಾಲಾ ಎಂದರೆ ಚಿಕ್ಕಮ್ಮ. ಓಣಿಗೆಲ್ಲ ಅವರು ಖಾಲಾನೇ. ಅವರ ಧರ್ಮದ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಡುಗೋಡೆಯ ಆಚೀಚೆ ನಿಂತು, ಸೊಪ್ಪು ಬಿಡಿಸುತ್ತಾ ಕೇಳಿದ್ದು. ದೇವರು ಒಬ್ಬನೇ, ಅವನಿಗೆ ರೂಪವಿಲ್ಲ. ದಿನಕ್ಕೆ ಐದು ಹೊತ್ತು ನಮಾಜು. ಉಳ್ಳವರು ಇಲ್ಲದವರಿಗೆ ಕೊಡಬೇಕು. ಕೈಲಾದರೆ ಜೀವಮಾನದಲ್ಲಿ ಒಮ್ಮೆ ಹಜ್‌ಗೆ ಹೋಗಿಬರಬೇಕು. ಮೆಕ್ಕಾದ ಹತ್ತಿರದ ಬೆಟ್ಟದ ಗುಹೆಯಲ್ಲಿ ಒಬ್ಬರೇ ಕೂತಿದ್ದ ಪ್ರವಾದಿಗೆ ದೇವರ ಮೊದಲ ಮಾತು ಇಳಿದದ್ದು ರಂಜಾನ್ ತಿಂಗಳಲ್ಲಿ. ಆ ತಿಂಗಳಿಡೀ ನಸುಕಿನಿಂದ ಹೊತ್ತು ಮುಳುಗುವ ತನಕ ರೋಜಾ, ಅಂದರೆ ಉಪವಾಸ, ಹನಿ ನೀರೂ ಇಲ್ಲ.

ನೀರೂ ಇಲ್ಲವೇ ಎಂದು ನಾನು ಬಾಯಿ ಬಿಟ್ಟಿದ್ದೆ. ನಮ್ಮ ಶನಿವಾರದ ಒಪ್ಪತ್ತು ಗೊತ್ತಲ್ಲ, ಅನ್ನ ಒಂದು ಬಿಟ್ಟು ಉಪ್ಪಿಟ್ಟು, ಅವಲಕ್ಕಿ, ಬಾಳೆಹಣ್ಣು, ಮೇಲೊಂದು ಲೋಟ ಹಾಲು. ಖಾಲಾ ನಕ್ಕಿದ್ದರು. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿ ಇದೆಯಂತೆ. ಮರೆತು ತಿಂದುಬಿಟ್ಟರೂ ರೋಜಾ ಮುರಿಯುವುದಿಲ್ಲವಂತೆ, ದೇವರೇ ಉಣಿಸಿದ ಎಂದುಕೊಳ್ಳಬೇಕಂತೆ.

ವಯಸ್ಸಾದಂತೆ ಅವರಿಗೆ ಮರೆವು ಹತ್ತಿತು. ಸೊಸೆಯನ್ನು ತಮ್ಮ ಅಕ್ಕ ಎಂದುಕೊಂಡರು. ಬಚ್ಚಲಿಗೆ ದಾರಿ ತಪ್ಪಿ ಅಡುಗೆಮನೆಯಲ್ಲಿ ನಿಲ್ಲುತ್ತಿದ್ದರು. ಆ ವರ್ಷ ಈದ್ ಮುಗಿಯಿತು, ಓಣಿಯವರೆಲ್ಲ ಅವರ ಮನೆಯ ಶೀರ್‌ಖುರ್ಮಾ ಕುಡಿದದ್ದೂ ಆಯಿತು. ಖಾಲಾಗೆ ಮಾತ್ರ ರಂಜಾನ್ ಮುಗಿಯಲೇ ಇಲ್ಲ. ದಿನಾ ಬೆಳಿಗ್ಗೆ ಎದ್ದು, ಇವತ್ತು ರೋಜಾ ಎಂದು ತಟ್ಟೆ ದೂರ ಸರಿಸುತ್ತಿದ್ದರು. ಸಕ್ಕರೆ ಕಾಯಿಲೆ ಬೇರೆ, ಮಾತ್ರೆ ನುಂಗಬೇಕಾದರೆ ಉಣ್ಣಲೇಬೇಕು. ಪಿ.ಜೆ. ಬಡಾವಣೆಯ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋಗುವ ಸೊಸೆ ಗಂಜಿ ಮಾಡಿಟ್ಟು, ಹೆಂಗಾದ್ರೂ ತಿನ್ನಿಸಿ ಎಂದು ನನಗೆ ಒಪ್ಪಿಸಿ ಹೋಗುತ್ತಿದ್ದಳು. ಮಸೀದಿಯ ಹಜರತ್ತರೂ ಬಂದು, ಈ ಸ್ಥಿತಿಯಲ್ಲಿ ನಿಮಗೆ ರೋಜಾ ಇಲ್ಲಮ್ಮಾ ಎಂದು ಹೇಳಿದರು. ಖಾಲಾ ತಲೆಯ ಮೇಲೆ ಸೆರಗು ಹೊದ್ದು ಕೇಳಿ, ಹೂಂಗುಟ್ಟಿದರು. ಹಜರತ್ತರು ಮೆಟ್ಟಿಲಿಳಿಯುವಷ್ಟರಲ್ಲಿ ಅದೂ ಮರೆತುಹೋಗಿತ್ತು.

ಒಂದು ಮಧ್ಯಾಹ್ನ ಅವರ ಕೈ ನಡುಗುತ್ತಿತ್ತು, ತುಟಿ ಒಣಗಿತ್ತು. ನನಗೆ ಹೆದರಿಕೆಯಾಯಿತು. ಅವರು ಕಲಿಸಿದ್ದನ್ನೇ ಅವರ ಮುಂದೆ ಇಟ್ಟೆ.

"ಮರ್ತು ತಿಂದ್ರೆ ರೋಜಾ ಮುರಿಯಲ್ಲ ಅಂತ ನೀವೇ ಹೇಳಿದ್ರಲ್ರಿ ಖಾಲಾ. ಒಂದೀಟು ಮರ್ತುಬಿಡ್ರಿ."

ಖಾಲಾ ಬಟ್ಟಲನ್ನು ನನ್ನ ಕಡೆಗೇ ಸರಿಸಿದರು.

"ಎಲ್ಲಾ ಮರ್ತೀನಿ ಬೇಟಿ. ಇದೊಂದು ಮರ್ತಿಲ್ಲ. ಹೆಂಗ ತಿನ್ಲಿ?"

ಗಂಜಿಯ ಬಟ್ಟಲು ಹಿಡಿದು ಕೂತೆ. ಬಲವಂತ ಮಾಡಲು ಮನಸ್ಸು ಬರಲಿಲ್ಲ, ಬಿಟ್ಟು ಏಳಲೂ ಆಗಲಿಲ್ಲ. ಗಂಜಿ ಆರಿ ಕೆನೆಗಟ್ಟಿತು. ನನಗೂ ಉಣ್ಣಬೇಕೆನಿಸಲಿಲ್ಲ. ಸಂಜೆ ಅಜಾನ್ ಕೇಳಿಸಿದಾಗ ಖಾಲಾ ಖರ್ಜೂರವನ್ನು ಎರಡು ಹೋಳು ಮಾಡಿ, ಒಂದನ್ನು ಮೊದಲು ನನ್ನ ಬಾಯಿಗಿಟ್ಟರು.

"ನಿಂದೂ ರೋಜಾ ಅಲ್ಲೇನು? ತಗಾ."

ಅಲ್ಲ ಎನ್ನಲು ನನ್ನಿಂದ ಆಗಲಿಲ್ಲ... ಮುಂದಿನ ರಂಜಾನ್ ಬರುವಷ್ಟರಲ್ಲಿ ಖಾಲಾ ಹೋಗಿಬಿಟ್ಟಿದ್ದರು. ಅವರನ್ನು ಉಳಿಸಿಕೊಳ್ಳಲು ನಮ್ಮ ಯಾರ ಕೈಯಲ್ಲೂ ಆಗಲಿಲ್ಲ.

ಅಂಗಡಿಯವರು ಕೊಟ್ಟ ಖರ್ಜೂರವನ್ನು ಸೆರಗಿನ ಚುಂಗಿಗೆ ಕಟ್ಟಿಕೊಂಡು ಮನೆಗೆ ಬಂದೆ. ಸಂಜೆ ಅಜಾನ್ ಕೇಳಿಸಿತು. ಬಿಚ್ಚಿ, ಎರಡು ಹೋಳು ಮಾಡಿ, ಒಂದನ್ನು ತಿಂದೆ. ಇನ್ನೊಂದನ್ನು ಯಾರ ಬಾಯಿಗಿಡಲಿ ಎಂದು ತಿಳಿಯದೆ ಹಿಡಿದುಕೊಂಡೇ ಕೂತಿದ್ದೇನೆ.