ಟವೆಲ್ಲಿನ ಕೆಳಗೆ ಹಿಡಿಯುವ ಫೋನು

ಬನಹಟ್ಟಿಯಲ್ಲಿ ಯಾರಾದರೂ ಮೆಲ್ಲಗೆ ಮಾತನಾಡಿದರೆ ಅವರು ಪರವೂರಿನವರೇ ಇರಬೇಕು. ಬೆಳಗಾದರೆ ಓಣಿಯ ಎರಡೂ ಕಡೆ ಮಗ್ಗಗಳು ಶುರುವಾಗುತ್ತವೆ. ಆ ಸಪ್ಪಳದ ಮೇಲೆ ಮಾತು ಹಾಯಿಸಿ ಹಾಯಿಸಿ ನಮಗೆಲ್ಲ ದೊಡ್ಡ ದನಿಯೇ ರೂಢಿ. ಅಂಥ ಊರಿನಲ್ಲೂ ನನ್ನ ಗಂಡನ ದನಿ ಒಂದು ಕೈ ಹೆಚ್ಚು. ಅವರದು ನೂಲಿನ ದಲಾಲಿ. ಮಗ್ಗ ನಡೆಯುತ್ತಿರುವ ಶೆಡ್ಡಿನ ಬಾಗಿಲಲ್ಲಿ ನಿಂತು ಒಳಗಿದ್ದ ಮಾಲೀಕನನ್ನು ಅಲ್ಲಿಂದಲೇ ಮಾತನಾಡಿಸುತ್ತಿದ್ದರು. ಫೋನು ಹಿಡಿದು ಇಚಲಕರಂಜಿಯ ವ್ಯಾಪಾರಿಗಳ ಜೊತೆ ಮಾತಿಗೆ ನಿಂತರೆ ನಾನು ಅಡುಗೆಮನೆಯಿಂದ, "ಫೋನ್ ಯಾಕ್ರೀ ಅದಕ್ಕ, ಹಂಗ ಒದರಿದ್ರೂ ಅವರಿಗೆ ಕೇಳತೈತಿ" ಎಂದು ಛೇಡಿಸುತ್ತಿದ್ದೆ.

ಆದರೆ ಒಂದು ಮಾತಿದೆ. ಅವರು ಒದರುತ್ತಿದ್ದದ್ದೆಲ್ಲ ಮಳೆ, ಕರೆಂಟು, ಯಾರ ಮನೆಯ ಮದುವೆ ಎಂಬ ಊರ ಸುದ್ದಿ ಮಾತ್ರ. ದರದ ಮಾತು ಬಂದರೆ ದನಿ ನಿಂತುಬಿಡುತ್ತಿತ್ತು. ಫೋನಿನಲ್ಲಿದ್ದರೆ ಮಾಳಿಗೆ ಹತ್ತಿ ಹೋಗುತ್ತಿದ್ದರು. ಎದುರಿಗೆ ಕುಳಿತವರು ಹಳೆಯ ಕಾಲದ ಮಂದಿಯಾಗಿದ್ದರೆ ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈಮೇಲೂ ಹಾಕಿ, ಅದರ ಕೆಳಗೆ ಬೆರಳು ಹಿಡಿದು ದರ ಹೇಳುತ್ತಿದ್ದರು. ಅದು ದನದ ಸಂತೆಯ ಪದ್ಧತಿ. ನನ್ನ ಮಾವ ಮುಧೋಳ, ಜಮಖಂಡಿ ಸಂತೆಗಳಲ್ಲಿ ಎತ್ತಿನ ದಲಾಲಿ ಮಾಡಿದವರು. ಸುತ್ತ ನಿಂತ ಹತ್ತು ಮಂದಿಗೆ ಎತ್ತಿನ ದರ ತಿಳಿಯಬಾರದೆಂದು ಅಲ್ಲಿ ವ್ಯಾಪಾರವೆಲ್ಲ ಬೆರಳಲ್ಲೇ ನಡೆಯುತ್ತದೆ. ಇವರು ಎತ್ತು ಬಿಟ್ಟು ನೂಲಿಗೆ ಬಂದರೂ ಟವೆಲ್ ಬಿಡಲಿಲ್ಲ. ಆ ಬೆರಳ ಲೆಕ್ಕ ನನಗೂ ಕಲಿಸಿರೆಂದು ಎಷ್ಟೋ ಸಲ ಕೇಳಿದ್ದೆ. "ಸಾಲಿ ಟೀಚರಿಗೆ ಇದ್ಯಾಕ ಬೇಕು? ನಾಳೆ ಹುಡುಗರಿಗೆ ಕಲಿಸಿಬಿಟ್ಟೀ ಅಂದ್ರ ನನ್ನ ಹೊಟ್ಟಿ ಮ್ಯಾಲ ಕಾಲು" ಎಂದು ನಕ್ಕು ಜಾರಿಕೊಳ್ಳುತ್ತಿದ್ದರು. ನಾನು ಕನ್ನಡ ಶಾಲೆಯ ಟೀಚರು. ಕಲಿಸುವುದೆಂದರೆ ಜೀವ. ಅದೊಂದು ಮಾತ್ರ ಕಲಿಯಲಿಲ್ಲ.

ಗಂಟಲಿನ ಬೇನೆ ಬಂದದ್ದು ಬೀಡಿಯಿಂದಲೋ ಹಣೆಬರಹದಿಂದಲೋ, ನನಗಂತೂ ಬೀಡಿಯ ಮೇಲೆ ಇವತ್ತಿಗೂ ಸಿಟ್ಟಿದೆ. ಮಿರಜದಲ್ಲಿ ಆಪರೇಷನ್ ಆಯಿತು. ದನಿಯ ಪೆಟ್ಟಿಗೆಯನ್ನೇ ತೆಗೆದರು. ಉಸಿರಾಡಲು ಕೊರಳ ಮುಂದೆ ಒಂದು ತೂತು ಉಳಿಯಿತು. ಮನೆಗೆ ಬಂದ ಮೇಲೆ ಅವರು ಟವೆಲ್ಲನ್ನು ಹೆಗಲಿನಿಂದ ತೆಗೆದು ಕೊರಳಿಗೆ ಸುತ್ತಿಕೊಂಡರು. ಓಣಿಯಲ್ಲಿ ಮಗ್ಗಗಳ ಸಪ್ಪಳ ಹಾಗೇ ಇತ್ತು, ಮನೆ ಮಾತ್ರ ಬಿಕೋ ಎನ್ನುತ್ತಿತ್ತು. ಜಗಳಕ್ಕಾದರೂ ಒಂದು ದನಿ ಬೇಕಲ್ಲವೇ?

ನಾನು ಶಾಲೆಯಿಂದ ಒಂದು ಪಾಟಿ, ಬಳಪ ತಂದುಕೊಟ್ಟೆ. ಅದರ ಮೇಲೆ ಅವರು ಬರೆದ ಮೊದಲ ಮಾತು, "ನಾ ಏನ್ ಒಂದನೇ ಇಯತ್ತೆ ಹುಡುಗನಾ?" ನಾನು ನಕ್ಕೆ, ಅವರು ನಗಲಿಲ್ಲ. ಆದರೂ ಚೀಲದಲ್ಲಿ ಹಾಕಿಕೊಂಡು ದಲಾಲಿಗೆ ಹೋದರು. ಹೋದವರು ಮಧ್ಯಾಹ್ನದೊಳಗೆ ವಾಪಸು ಬಂದು ಪಾಟಿಯನ್ನು ಜೋಳದ ಚೀಲದ ಹಿಂದೆ ಎಸೆದರು. ದರ ಬರೆದು, ಬೆರಳ ಲೆಕ್ಕ ಬಾರದ ಹೊಸ ಕಾಲದ ಮಾಲೀಕನಿಗೆ ತೋರಿಸುವ ಮೊದಲು ಚಾ ತಂದವನು ಅದನ್ನು ಓದಿದ್ದನಂತೆ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ. ದರ ಬಯಲಾದ ಮೇಲೆ ದಲಾಲಿಯ ಕೆಲಸವೇನು? ಅವರು ಗೋಡೆಗೆ ಮುಖ ಮಾಡಿ ಮಲಗಿದರು. ಮರುದಿನವೂ ಏಳಲಿಲ್ಲ. ಬೇನೆ ಕೊಲ್ಲದಿದ್ದರೂ ಈ ಮಲಗುವಿಕೆ ಕೊಲ್ಲುತ್ತದೆಂದು ನನಗೆ ಹೆದರಿಕೆಯಾಯಿತು.

ಅವರ ಹಳೆಯ ಸಣ್ಣ ಫೋನಿನಲ್ಲಿ ಮೆಸೇಜ್ ಬರೆಯಬಹುದಿತ್ತು, ನಿಜ. ಆದರೆ ಅದರಲ್ಲಿ ಒಂದು ಅಕ್ಷರ ಬರಬೇಕಾದರೆ ಒಂದೇ ಗುಂಡಿಯನ್ನು ಎರಡು ಮೂರು ಸಲ ಒತ್ತಬೇಕು. ಅವರು ಒತ್ತಿ ಮುಗಿಸುವಷ್ಟರಲ್ಲಿ ಎದುರಿನವನು ಬೇರೆಯವರ ನೂಲು ಕೊಂಡು ಹೋಗಿರುತ್ತಿದ್ದ. ಅಕ್ಷರಕ್ಕೊಂದು ಗುಂಡಿ ಇರುವ ಫೋನು ಬರುತ್ತದೆ, ದೊಡ್ಡ ವ್ಯಾಪಾರಿಗಳು ಅದನ್ನೇ ಇಟ್ಟುಕೊಂಡಿದ್ದಾರೆ ಎಂದು ನನ್ನ ಶಾಲೆಯಲ್ಲಿ ಯಾರೋ ಹೇಳಿದರು. ರವಿವಾರ ಅವರನ್ನು ಎಬ್ಬಿಸಿ, ಮಗುವಿಗೆ ಮಾಡಿದ ಹಾಗೆ ತಲೆ ಬಾಚಿ, ಜಮಖಂಡಿ ಬಸ್ಸು ಹತ್ತಿಸಿದೆ.

ಅಂಗಡಿಯವರು ಗಲಗಲಿ ಕಡೆಯವರು. ಹೊಲ ಅಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ಜಮಖಂಡಿಗೆ ಬಂದು ಮೊದಲು ರೇಡಿಯೋ, ಆಮೇಲೆ ಮೊಬೈಲ್ ಮಾರಲು ಕೂತ ಹಿರಿಯರು. ನಾನು ನಮ್ಮ ಅವಸ್ಥೆ ಹೇಳಿದೆ. ಅವರು ಮೊದಲು ತೆಗೆದಿಟ್ಟದ್ದು ಹೊಳೆಹೊಳೆಯುವ ಟಚ್ ಮೊಬೈಲು.

"ಈಗ ಎಲ್ಲಾರೂ ಇದನ್ನ ಒಯ್ಯಾಕತ್ತಾರ್ರೀ ಅಕ್ಕಾರ. ಗುಂಡಿ ಒತ್ತೂ ತ್ರಾಸ ಇಲ್ಲ. ಬೆರಳ ಮುಟ್ಟಿಸಿದ್ರ ಸಾಕು."

ಇವರು ಅದನ್ನು ಕೈಯಲ್ಲಿ ಹಿಡಿದರು. ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಕೊರಳಿನ ಟವೆಲ್ಲಿನ ಉದ್ದ ತುದಿಯನ್ನು ಕೈಮೇಲೆ ಎಳೆದುಕೊಂಡು ಅದರ ಕೆಳಗೆ ಏನೋ ಬರೆಯತೊಡಗಿದರು. ಕಣ್ಣು ಮಾತ್ರ ನಮ್ಮ ಮೇಲಿತ್ತು. ಟವೆಲ್ ಸರಿಸಿ ತೋರಿಸಿದಾಗ ಪರದೆಯ ಮೇಲೆ ತಲೆಬುಡವಿಲ್ಲದ ಅಕ್ಷರಗಳ ರಾಶಿ.

"ನೋಡಕೋಂತ ಬರೀಬೇಕ್ರೀ ಸಾವಕಾರ್ರ, ಮುಚ್ಚಿ ಬರದ್ರ ಹೆಂಗ?" ಎಂದು ಅಂಗಡಿಯವರು ನಕ್ಕರು.

ನನಗೂ ಸಿಟ್ಟು ಬಂದಿತ್ತು. "ಇಲ್ಲೂ ನಿಮ್ಮ ಟಾವೆಲ್ಲಿನ ಆಟ ಏನ್ರೀ?" ಎಂದೆ. ಅವರು ಬೇಡವೆಂದು ತಲೆಯಾಡಿಸಿ ಫೋನನ್ನು ಹಿಂದಕ್ಕೆ ಸರಿಸಿದರು. ಆಗ ನನಗೆ ಅರ್ಥವಾಯಿತು. ಅವರು ಹುಡುಕುತ್ತಿದ್ದದ್ದು ಬರೆಯುವ ಫೋನನ್ನಲ್ಲ, ಟವೆಲ್ಲಿನ ಕೆಳಗೆ ಬೆರಳಿಗೆ ಸಿಗುವ ಫೋನನ್ನು. ಪಾಟಿಯಂತೆ ಊರ ಮುಂದೆ ಹಿಡಿಯುವುದು ಅವರಿಗೆ ಬೇಕಿರಲಿಲ್ಲ.

ಮುಂದಿನದು ಮೇಲಿನ ಭಾಗ ಸರಿಸಿದರೆ ಕೆಳಗಿಂದ ಗುಂಡಿಗಳು ಹೊರಬರುವಂಥದು. ಅದರ ಸಂದಿಗೆ ಟವೆಲ್ಲಿನ ಎಳೆ ಸಿಕ್ಕಿಕೊಂಡು ಬಿಡಿಸುವುದೇ ಒಂದು ಕೆಲಸವಾಯಿತು. ಇನ್ನೊಂದರ ಗುಂಡಿಗಳು ಎಷ್ಟು ನುಣುಪೆಂದರೆ ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಬೆರಳಿಗೆ ತಿಳಿಯುವಂತಿರಲಿಲ್ಲ. ಕೊನೆಗೆ ಗಾಜಿನ ಕಪಾಟಿನ ಮೂಲೆಯಿಂದ ಕರಿಯ, ಅಗಲ ಮೈಯ ಒಂದು ಫೋನು ಬಂತು. ಪ್ರತಿ ಗುಂಡಿಗೂ ಒಂದು ಸಣ್ಣ ಏಣು. ನಡುವಿನ ಒಂದು ಗುಂಡಿಯ ಮೇಲೆ ಎಳ್ಳಿನಷ್ಟು ಉಬ್ಬು. ಇವರ ಹೆಬ್ಬೆರಳು ಆ ಉಬ್ಬನ್ನು ಮುಟ್ಟಿ ನಿಂತಿತು. ತಮ್ಮ ಸಿಮ್ ತೆಗೆದುಕೊಟ್ಟು ಹಾಕಲು ಸನ್ನೆ ಮಾಡಿದರು.

ಟವೆಲ್ ಮತ್ತೆ ಕೈಮೇಲೆ ಬಂತು. ಅವರು ನನ್ನ ಮುಖವನ್ನೇ ನೋಡುತ್ತಾ ಕುಳಿತಿದ್ದರು. ಕೆಳಗೆ ಟಿಕ್ ಟಿಕ್ ಎಂದು ಸಣ್ಣ ಸದ್ದು. ನನ್ನ ವ್ಯಾನಿಟಿ ಬ್ಯಾಗಿನೊಳಗೆ ಫೋನು ಗುಣುಗಿತು. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕನ್ನಡ: "ಹೊಟ್ಟಿ ಹಸದೈತಿ. ಸಿಟ್ಟು ಬಿಟ್ಟು ಏನರ ತಿನ್ನಸ."

ಪಾಟಿಯಲ್ಲಿ ಬರೆಯುವಾಗ ಅವರು ತಲೆ ತಗ್ಗಿಸಿರುತ್ತಿದ್ದರು. ಆಪರೇಷನ್ ಆದ ಮೇಲೆ ನನ್ನ ಮುಖ ನೋಡುತ್ತಾ ಅವರು ಆಡಿದ ಮೊದಲ ಮಾತು ಅದು. ಅಂಗಡಿಯಲ್ಲಿ ನಾಲ್ಕು ಜನ ಇದ್ದಾರೆಂಬ ಖಬರೂ ಇಲ್ಲದೆ ನಾನು ಅತ್ತುಬಿಟ್ಟೆ.

ಅಂಗಡಿಯವರು ಅದೇ ಬಗೆಯ ಇನ್ನೊಂದು ಡಬ್ಬಿ ತಂದು ಪಕ್ಕದಲ್ಲಿಟ್ಟರು. "ಇವೆರಡ ಉಳದಾವ್ರಿ. ಮುಂದ ಬರೂದಿಲ್ಲ, ಕಂಪನ್ಯಾವ್ರು ಬಂದ್ ಮಾಡಾಕತ್ತಾರ. ಕೆಟ್ಟರ ನನ್ನ ಮ್ಯಾಲ ಸಿಟ್ಟ ಆಗಬ್ಯಾಡ್ರಿ."

"ಎರಡೂ ಕಟ್ರಿ" ಎಂದೆ ನಾನು.

ನನ್ನ ಬ್ಯಾಗಿನೊಳಗೆ ಮತ್ತೆ ಫೋನು ಗುಣುಗಿತು. "ಒಂದ ಸಾಕು."

"ಯಾಕ ಸಾಕು? ಇದು ಹಾಳಾದ್ರ ಮುಂದ ಏನ್ ಮಾಡ್ತೀರಿ?"

"ಒಂದ ಸಾಕು" ಎಂದು ಅದೇ ಮಾತು ಇನ್ನೊಮ್ಮೆ ಬಂತು. ಹೊರಗೆ ಟ್ರ್ಯಾಕ್ಟರು ಕಬ್ಬು ಹೇರಿಕೊಂಡು ಹೋಗುತ್ತಿತ್ತು, ಅವರು ಅದನ್ನು ನೋಡುತ್ತಿದ್ದರು. ಯಾವ ಮಾಲು ಎಷ್ಟು ದಿನ ಬಾಳುತ್ತದೆಂದು ಮುಟ್ಟಿ ಹೇಳುವ ಮನುಷ್ಯ. ಎರಡನೇ ಫೋನು ಬೇಕಾಗುವಷ್ಟು ಕಾಲ ತಾವು ಇರುವುದಿಲ್ಲವೆಂದು ಅಳೆದುಬಿಟ್ಟಿದ್ದಾರೆಯೇ? ಎರಡೂ ಬೇಕೆಂದು ಹಟ ಹಿಡಿದೆ. ಅವರು ನನ್ನನ್ನು ಬಿಟ್ಟು ಅಂಗಡಿಯವರ ಕೈ ಹಿಡಿದು ಟವೆಲ್ ಹೊದಿಸಿದರು. ಹಿರಿಯರ ಮುಖ ಅರಳಿತು. "ಅಬಾಬಾ, ಎಷ್ಟ ವರ್ಷ ಆತ್ರಿ ಹಿಂಗ ಕೈ ಹಿಡದು!" ಎಂದರು. ಕೆಳಗೆ ಏನು ನಡೆಯಿತೋ, ಒಂದೇ ಫೋನು ಕಾಗದದ ಚೀಲ ಸೇರಿತು. ಬಸ್ಸಿನಲ್ಲಿ ನಾನು ಬನಹಟ್ಟಿ ಬರುವ ತನಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆ.

ಆದರೆ ಅವರು ಎದ್ದರು. ಅದೇ ನನಗೆ ದೊಡ್ಡದು. ಮರುದಿನದಿಂದ ಮತ್ತೆ ದಲಾಲಿ. ಶೆಡ್ಡಿನಲ್ಲಿ ಮಾಲೀಕನ ಎದುರು ಕೂತು, ಅವನ ಮುಖ ನೋಡುತ್ತಾ, ಟವೆಲ್ಲಿನ ಕೆಳಗೆ ದರ ಒತ್ತುತ್ತಿದ್ದರು. ಅವನ ಜೇಬಿನಲ್ಲಿ ಫೋನು ಗುಣುಗುತ್ತಿತ್ತು. ಚಾ ತಂದವನು ಎಷ್ಟು ಇಣುಕಿದರೂ ಏನೂ ಸಿಗುತ್ತಿರಲಿಲ್ಲ. ಇಚಲಕರಂಜಿಗೆ ಮೆಸೇಜು, ಸೊಲ್ಲಾಪುರಕ್ಕೆ ಇ-ಮೇಲು. ಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದರೆ ನನಗೂ ಬರುತ್ತಿದ್ದವು: "ಬದನಿಕಾಯಿ ತರಲೇನ?" "ನಿಮ್ಮ ಸಾಲಿ ಗಂಟಿ ಇಲ್ಲಿಗೂ ಕೇಳತೈತಿ, ಜಲ್ದಿ ಬಾ." ಒಂದು ಮಧ್ಯಾಹ್ನ ಕರೆಂಟು ಹೋಗಿ ಇಡೀ ಬನಹಟ್ಟಿಯ ಮಗ್ಗಗಳು ಒಮ್ಮೆಲೇ ನಿಂತವು. ಆಗ ಬಂದ ಮೆಸೇಜು: "ಈಗ ನೋಡ, ಊರೆಲ್ಲ ನನ್ನಂಗ ಆತು." ನಾನು ಮಕ್ಕಳ ಕಡೆ ಬೆನ್ನು ಮಾಡಿ ಬೋರ್ಡು ಒರೆಸುತ್ತಾ ನಿಂತೆ, ಒರೆಸಲು ಏನೂ ಇರಲಿಲ್ಲ.

ಬೇನೆ ತಿರುಗಿ ಬಂತು. ಮಿರಜದ ಆಸ್ಪತ್ರೆ, ಅದೇ ವಾಸನೆ. ಕೈಗಳು ಬಾತುಕೊಂಡವು. ಎಳ್ಳಿನಷ್ಟು ಉಬ್ಬನ್ನು ಹೆಬ್ಬೆರಳು ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಒಂದು ಮುಂಜಾನೆ ಫೋನು ಕೈಯಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು. ಅವರು ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ಟವೆಲ್ಲಿನ ಕಡೆ ಕಣ್ಣು ಮಾಡಿದರು. ಕೊಟ್ಟೆ. ಅವರು ಅದನ್ನು ನನ್ನ ಕೈಮೇಲೆ ಎಳೆದುಕೊಂಡರು. ಇಷ್ಟು ವರ್ಷ ಕಲಿಸದೆ ಜಾರಿಕೊಂಡ ಮನುಷ್ಯ ಆವತ್ತು ಟವೆಲ್ಲಿನ ಕೆಳಗೆ ನನ್ನ ಬೆರಳು ಹಿಡಿದರು. ಒಂದೇ ಬೆರಳು, ತೋರುಬೆರಳು. ಹಿಡಿದುಕೊಂಡು ನನ್ನ ಮುಖ ನೋಡುತ್ತಾ ಕಾದರು. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನನ್ನಲ್ಲಿದ್ದದ್ದು ಪ್ರೀತಿ ಒಂದೇ. ಅವರು ಹಿಡಿದ ಹಾಗೆಯೇ ನಾನೂ ಅವರ ತೋರುಬೆರಳನ್ನು ಗಟ್ಟಿಯಾಗಿ ಹಿಡಿದೆ. ಅವರ ಹಣೆಯ ಗಂಟು ಸಡಿಲಾಯಿತು. ಸಂತೆ ಮುಗಿಸಿ ಬಂದವರಂತೆ ಕಣ್ಣು ಮುಚ್ಚಿ ನಿದ್ದೆ ಹೋದರು. ಅವರಿಗೆ ಸಮಾಧಾನವಾಯಿತಲ್ಲ ಎಂದು ನಾನೂ ಸಮಾಧಾನಪಟ್ಟೆ. ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ.

ಫೋನನ್ನು ನಾನು ಇಟ್ಟುಕೊಂಡೆ. ಚಾರ್ಜ್ ಹಾಕಿ ಆ ಹಳೆಯ ಮೆಸೇಜುಗಳನ್ನು ಓದುತ್ತಿದ್ದೆ. ಮಳೆಗಾಲ ಕಳೆದ ಮೇಲೆ ಅದು ಚಾರ್ಜ್ ಹಿಡಿಯುವುದನ್ನು ಬಿಟ್ಟಿತು. ಜಮಖಂಡಿಯ ಅದೇ ಅಂಗಡಿಗೆ ಹೋದೆ. ಹಿರಿಯರು ಗುರುತು ಹಿಡಿದರು. ಇವರ ಸುದ್ದಿ ಕೇಳಿ ನನಗೆ ಕುರ್ಚಿ ಸರಿಸಿಕೊಟ್ಟರು. ಇನ್ನೊಂದು ಫೋನನ್ನು ಸಮೀರವಾಡಿ ಫ್ಯಾಕ್ಟರಿಯವರೊಬ್ಬರು ಒಯ್ದರಂತೆ. ಬೇರೆ ಬ್ಯಾಟರಿ ಹುಡುಕಿ ಹಾಕುತ್ತಿದ್ದಾಗ ನಾನು ಕೇಳಿದೆ.

"ಟಾವೆಲ್ಲಿನ ಕೆಳಗ ಒಂದ ಬೆರಳ ಹಿಡದ್ರ ಏನ್ರೀ ಅರ್ಥ?"

"ಒಂದು ಅಂತ್ರಿ."

"ಒಂದು ಏನ್ರೀ?"

"ಅದನ್ನ ಹಿಡದು ಹೇಳೂದಿಲ್ರೀ ಅಕ್ಕಾರ. ನೂರೋ, ಸಾವಿರೋ, ಅದು ಇಬ್ಬರಿಗೂ ಮದಲ ತಿಳದಿರತೈತಿ. ಯಾಕ್ರಿ, ಅವರೇನರ ಹಿಡದಿದ್ರೇನು?"

"ಹೂಂ. ನಾನೂ ಅವರದು ಒಂದ ಬೆರಳ ಹಿಡದೆ."

ಅವರ ಕೈ ಕೆಲಸ ನಿಲ್ಲಿಸಿತು. "ಹಂಗಾರ ಸೌದಾ ಮುಗೀತ್ರಿ. ಅವರು ಹೇಳಿದ್ದಕ್ಕ ನೀವು ಒಪ್ಪಿದ್ರಿ. ಕಡಿಮಿ ಆತು, ಇನ್ನೂ ಬೇಕು ಅಂತಿದ್ರ ಹೆಚ್ಚ ಬೆರಳ ಹಿಡೀಬೇಕಿತ್ರಿ."

ಆ ಒಂದು ಎಂದರೆ ಒಂದು ದಿನವೋ, ಒಂದು ವಾರವೋ, ಆವತ್ತು ಇದೇ ಅಂಗಡಿಯಲ್ಲಿ ಒತ್ತಿ ಹೇಳಿದಂತೆ ಒಂದೇ ಸಾಕೆಂದೋ, ನನಗೆ ಗೊತ್ತಿಲ್ಲ. ಅವರು ಕೇಳಿದರು, ನಾನು ಒಪ್ಪಿದೆ, ಅವರು ಹೋದರು. ಬಸ್ಸಿನಲ್ಲಿ ಸೆರಗಿನ ಕೆಳಗೆ ಫೋನು ಹಿಡಿದುಕೊಂಡು, ಆ ಎಳ್ಳಿನಷ್ಟು ಉಬ್ಬಿನ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಬನಹಟ್ಟಿಗೆ ಬಂದೆ. ಅಷ್ಟು ಕೇಳಿದರೂ ಅವರು ನನಗೆ ಆ ಲೆಕ್ಕ ಕಲಿಸಲಿಲ್ಲ. ಕಲಿಸಿದ್ದರೆ ಆವತ್ತು ನಾನು ಅವರ ಐದೂ ಬೆರಳು ಹಿಡಿದು ಕೂತುಬಿಡುತ್ತಿದ್ದೆ.